ಭಾರತಕ್ಕೆ ಸಮಾನತೆಯಲ್ಲಿ ನಾಲ್ಕನೇ ನಂಬರ್, ನಮ್ಮ ಓಣಿಗೆ ಎಷ್ಟನೇದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಪೀಠಿಕೆ ಇಲ್ಲ, ಸೀದಾ ಒಂದು ವಾಯ್ಸ್ ನೋಟ್‌ನಿಂದ ಶುರು ಮಾಡ್ತೀನಿ. ಶಿರಹಟ್ಟಿ ಕಡೆಯ ಒಬ್ಬ ಕೇಳುಗ ಕಳಿಸಿದ್ದು. ಗದಗಿಗೆ ಬಸ್ಸಿನಲ್ಲಿ ಓಡಾಡುವ ಕಾಲೇಜು ಹುಡುಗ.

"ಅಣ್ಣಾರ, ನಮಸ್ಕಾರ್ರಿ. ವಾಟ್ಸಾಪಿನ್ಯಾಗ ಒಂದ್ ಫಾರ್ವರ್ಡ್ ಬಂದೈತಿ, ಭಾರತ ಸಮಾನತೆ ಒಳಗ ಜಗತ್ತಿಗೇ ನಾಲ್ಕನೇ ನಂಬರ್ ಅಂತ. ನಮ್ಮಪ್ಪ ಗೋವಿನಜೋಳ ಕ್ವಿಂಟಲಿಗೆ ಸಾವಿರದ ಏಳ್ನೂರಕ್ಕ ಕೊಟ್ಟು ಬಂದಾನ. ದಿನಾ ಬಸ್ಸಿನಾಗ ಬರೂ ಮುಂದ ನೋಡ್ತೀನಿ, ಒಂದ್ ಕಡೆ ಮೂರಂತಸ್ತಿನ ಮನಿ, ಬಾಜೂಕ ತಗಡಿನ ಶೆಡ್ಡು. ಇದ್ರಾಗ ಸಮಾನತೆ ಎಲ್ಲೈತ್ರಿ? ಆ ಫಾರ್ವರ್ಡ್ ಸುಳ್ಳೇನು?"

ಒಳ್ಳೆ ಪ್ರಶ್ನೆ. ಉತ್ತರ ಮೊದಲೇ ಹೇಳಿಬಿಡ್ತೀನಿ: ಫಾರ್ವರ್ಡ್ ಪೂರ್ತಿ ಸುಳ್ಳಲ್ಲ, ಆದರೆ ಅದು ಹೇಳೋದು ನಿಮ್ಮ ಅಪ್ಪನ ಆದಾಯದ ಬಗ್ಗೆ ಅಲ್ಲ. ಬೇರೆ ಯಾವುದರ ಬಗ್ಗೆ ಅಂತ ಬಿಡಿಸಿ ನೋಡೋಣ.

ಆ ನಂಬರ್ ಬಂದದ್ದು ಎಲ್ಲಿಂದ?

2025ರ ಜುಲೈನಲ್ಲಿ ಕೇಂದ್ರ ಸರ್ಕಾರದ ಒಂದು ಪ್ರಕಟಣೆ ಬಂತು. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಭಾರತದ ಜಿನಿ ಸೂಚ್ಯಂಕ 25.5, ಸ್ಲೊವಾಕಿಯಾ, ಸ್ಲೊವೇನಿಯಾ, ಬೆಲಾರುಸ್ ಬಿಟ್ಟರೆ ನಾವೇ ಅಂತ ಅದರಲ್ಲಿತ್ತು. ಜಿನಿ ಅನ್ನೋದು ಕೊರಾಡೊ ಜಿನಿ ಅನ್ನುವ ಇಟಲಿಯ ಸಂಖ್ಯಾಶಾಸ್ತ್ರಜ್ಞನ ಹೆಸರು. 1912ರಲ್ಲಿ ಈ ಅಳತೆಗೋಲನ್ನ ಮುಂದಿಟ್ಟ. ಎಲ್ಲರ ಹತ್ತಿರವೂ ಒಂದೇ ಸಮ ಇದ್ದರೆ ಜಿನಿ ಸೊನ್ನೆ. ಎಲ್ಲವೂ ಒಬ್ಬನ ಹತ್ತಿರವೇ ಇದ್ದರೆ 1, ನೂರರ ಲೆಕ್ಕದಲ್ಲಿ ಹೇಳಿದರೆ 100. ಹಾಗಾಗಿ 25.5 ಅಂದ್ರೆ 0.255. ನಂಬರ್ ಸಣ್ಣದಾದಷ್ಟೂ ಸಮಾನತೆ ಜಾಸ್ತಿ.

ಈಗ ಇನ್ನೊಂದು ನಂಬರ್ ನೋಡ್ರಿ. 2024ರ ಮಾರ್ಚ್‌ನಲ್ಲಿ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ ಅನ್ನುವ ಸಂಶೋಧನಾ ಸಂಸ್ಥೆ ಭಾರತದ ನೂರು ವರ್ಷದ ಲೆಕ್ಕ ಹಾಕಿತು. ಅದರ ಪ್ರಕಾರ 2022-23ರಲ್ಲಿ ದೇಶದ ಒಟ್ಟು ಆದಾಯದಲ್ಲಿ ನೂರಕ್ಕೆ 22.6 ಭಾಗ ಹೋಗಿದ್ದು ಮೇಲಿನ ನೂರಕ್ಕೆ ಒಬ್ಬರಿಗೆ. ಆಸ್ತಿಯಲ್ಲಿ ಅವರ ಪಾಲು ನೂರಕ್ಕೆ 40.1.

ಒಂದೇ ದೇಶ, ಒಂದೇ ವರ್ಷ. ಒಬ್ಬರು ಜಗತ್ತಿನ ಅತಿ ಸಮಾನ ದೇಶಗಳಲ್ಲಿ ಒಂದು ಅಂತಾರೆ, ಇನ್ನೊಬ್ಬರು ಅತಿ ಅಸಮಾನ ದೇಶಗಳಲ್ಲಿ ಒಂದು ಅಂತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಮೊದಲನೆಯವರು ಅಳೆದದ್ದು ಖರ್ಚನ್ನ, ಎರಡನೆಯವರು ಅಳೆದದ್ದು ಆದಾಯವನ್ನ. ಇಡೀ ಕಥೆ ಇರೋದು ಈ ಎರಡು ಪದಗಳ ನಡುವೆ.

ಬೆಟಗೇರಿಯ ಐದು ಮನೆ

ಒಂದು ಓಣಿ ಕಲ್ಪಿಸಿಕೊಳ್ಳೋಣ. ಬೆಟಗೇರಿಯದ್ದು ಅಂತಿಟ್ಟುಕೊಳ್ಳಿ. ಐದು ಮನೆ. ಮನೆಗಳು ಕಲ್ಪನೆಯವು, ಲೆಕ್ಕ ಮಾತ್ರ ಖರೆ. ಮೊದಲ ಮನೆಯಲ್ಲಿ ಕೈಮಗ್ಗದ ನೇಕಾರ. ನೂಲು ಮಾಲೀಕ ಕೊಡ್ತಾನೆ, ಸೀರೆ ನೇಯ್ದು ಕೊಟ್ಟರೆ ಮಜೂರಿ. ತಿಂಗಳಿಗೆ 8 ಸಾವಿರ. ಎರಡನೇದು ಹಮಾಲರ ಮನೆ, 12 ಸಾವಿರ. ಮೂರನೇದು ಮಿರ್ಚಿ-ಭಜಿ ಬಂಡಿ, 15 ಸಾವಿರ. ನಾಲ್ಕನೇದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, 25 ಸಾವಿರ. ಐದನೇ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೂ ಸರ್ಕಾರಿ ನೌಕರರು, 90 ಸಾವಿರ.

ಒಟ್ಟು ಒಂದೂವರೆ ಲಕ್ಷ. ಐದರಿಂದ ಭಾಗಿಸಿದರೆ ಸರಾಸರಿ 30 ಸಾವಿರ. ಐದರಲ್ಲಿ ನಾಲ್ಕು ಮನೆಗಳು ಆ 30 ಸಾವಿರವನ್ನ ಯಾವತ್ತೂ ಕಂಡಿಲ್ಲ. 'ತಲಾ ಆದಾಯ ಇಷ್ಟು' ಅಂತ ಪೇಪರಿನಲ್ಲಿ ಓದಿದಾಗ ಇದನ್ನ ನೆನಪಿಡಿ. ನಟ್ಟನಡುವಿನ ಮನೆಯ ಆದಾಯ 15 ಸಾವಿರ, ಅಂದ್ರೆ ಸರಾಸರಿಯ ಅರ್ಧ.

ಈ ಐದು ಆದಾಯಗಳ ಜಿನಿ ಲೆಕ್ಕ ಹಾಕೋದು ಕಷ್ಟ ಅಲ್ಲ. ಪ್ರತಿ ಎರಡು ಮನೆಯ ನಡುವಿನ ಅಂತರ ಬರೀರಿ, ಒಟ್ಟು ಹತ್ತು ಜೋಡಿ ಆಗ್ತವೆ. ಎಲ್ಲ ಅಂತರ ಕೂಡಿದರೆ 354 ಸಾವಿರ. ಅದನ್ನ ಒಟ್ಟು ಆದಾಯ 150 ಸಾವಿರ ಮತ್ತು ಮನೆಗಳ ಸಂಖ್ಯೆ 5, ಇವೆರಡರ ಗುಣಲಬ್ಧ 750ರಿಂದ ಭಾಗಿಸಿ. ಬರೋದು 0.47. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಈಗ ಅದೇ ಮನೆಗಳ ಖರ್ಚು ನೋಡೋಣ. ನೇಕಾರರ ಮನೆ ದುಡಿದದ್ದು 8, ಖರ್ಚು 9. ಉಳಿದ ಒಂದು ಸಾವಿರ ಸಾಲ. ಹಮಾಲರ ಮನೆ 12 ದುಡಿದು 12 ಖರ್ಚು. ಬಂಡಿಯವರು 14. ಪ್ರೆಸ್ಸಿನವರು 20. ನೌಕರರ ಮನೆ ಎಷ್ಟು ಖರ್ಚು ಮಾಡಿದರೂ 40. ಎಷ್ಟು ಅಂತ ತಿನ್ನಬಹುದು ಹೇಳಿ? ಉಳಿದ 50 ಸಾವಿರ ಪ್ಲಾಟು, ಬಂಗಾರ, ಮ್ಯೂಚುವಲ್ ಫಂಡು ಆಗ್ತದೆ.

ಇದರ ಜಿನಿ ತೆಗೆದರೆ 0.29.

ಅದೇ ಓಣಿ, ಅದೇ ಜನ, ಅದೇ ತಿಂಗಳು. ಆದಾಯ ಅಳೆದರೆ 0.47, ಖರ್ಚು ಅಳೆದರೆ 0.29. ಬಡವನ ಸಾಲ ಖರ್ಚಿನ ಪಟ್ಟಿಯಲ್ಲಿ ಅವನನ್ನ ಸ್ವಲ್ಪ ಮೇಲಕ್ಕೆ ಎತ್ತಿ ತೋರಿಸಿತು, ಉಳ್ಳವನ ಉಳಿತಾಯ ಅವನನ್ನ ಕೆಳಗೆ ಇಳಿಸಿ ತೋರಿಸಿತು.

ಭಾರತದ ಆ 25.5 ಬಂದದ್ದು ಮನೆಗಳ ಖರ್ಚಿನ ಸಮೀಕ್ಷೆಯಿಂದ. ಬೇರೆ ಎಷ್ಟೋ ದೇಶಗಳ ಜಿನಿ ಬರೋದು ಆದಾಯದ ಸಮೀಕ್ಷೆಯಿಂದ. ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟು ರ್‍ಯಾಂಕ್ ಕೊಟ್ಟರೆ, ಒಬ್ಬನನ್ನ ಕೆ.ಜಿ.ಯಲ್ಲಿ, ಇನ್ನೊಬ್ಬನನ್ನ ಅಡಿಯಲ್ಲಿ ಅಳೆದು ಯಾರು ದೊಡ್ಡವರು ಅಂತ ಕೇಳಿದ ಹಾಗೆ.

ಹಾಗಂತ ಖರ್ಚಿನ ಸಮೀಕ್ಷೆ ಕೆಲಸಕ್ಕೆ ಬಾರದ್ದು ಅಂತಲ್ಲ. ಅದರಲ್ಲೇ ಎಷ್ಟು ಅಂತರ ಕಾಣ್ತದೆ ನೋಡ್ರಿ. 2022-23ರಲ್ಲಿ ಹಳ್ಳಿಗಳ ತೀರಾ ಕೆಳಗಿನ ನೂರಕ್ಕೆ ಐವರು ತಿಂಗಳಿಗೆ ತಲಾ 1,373 ರೂಪಾಯಿ ಖರ್ಚು ಮಾಡಿದ್ದಾರೆ, ಮೇಲಿನ ನೂರಕ್ಕೆ ಐವರು 10,501. ಪಟ್ಟಣಗಳಲ್ಲಿ 2,001 ಮತ್ತು 20,824. ತಿಂಗಳಿಗೆ 1,373 ಅಂದ್ರೆ ದಿನಕ್ಕೆ 46 ರೂಪಾಯಿ. ಊಟ, ಬಟ್ಟೆ, ಔಷಧ, ರೀಚಾರ್ಜ್ ಎಲ್ಲ ಸೇರಿ. ಇದು ಖರ್ಚಿನ ಲೆಕ್ಕ, ಮತ್ತೆ ಸಮೀಕ್ಷೆಯವರಿಗೆ ಗೇಟು ತೆರೆದವರ ಲೆಕ್ಕ ಮಾತ್ರ. ದೊಡ್ಡ ಬಂಗಲೆಗಳ ಗೇಟು ಸಾಮಾನ್ಯವಾಗಿ ತೆರೆಯೋದಿಲ್ಲ, ಇದು ಎಲ್ಲ ದೇಶದ ಸಮೀಕ್ಷೆಗಳ ತಲೆನೋವು.

ಅಪ್ಪನ ಗೋವಿನಜೋಳ

ಈಗ ವಾಯ್ಸ್ ನೋಟಿನ ಎರಡನೇ ಭಾಗಕ್ಕೆ ಬರ್ತೀನಿ. 2025-26ಕ್ಕೆ ಕೇಂದ್ರ ಘೋಷಿಸಿದ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. 2025ರ ನವೆಂಬರ್‌ನಲ್ಲಿ ಮಾರುಕಟ್ಟೆಯಲ್ಲಿ ಸಿಗ್ತಾ ಇದ್ದದ್ದು 1,600ರಿಂದ 1,800. ಖರೀದಿ ಕೇಂದ್ರ ತೆರೀರಿ ಅಂತ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತದ್ದು ನಿಮಗೆ ನೆನಪಿರಬಹುದು, ರೀಲ್ಸ್ ಎಲ್ಲ ಬಂದಿದ್ವು. ಅದೇ ತಿಂಗಳು ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಅದರಲ್ಲಿ ಹೆಸರುಕಾಳಿನ ವಿಷಯವೂ ಇತ್ತು: ಬೆಂಬಲ ಬೆಲೆ 8,768, ಮಾರುಕಟ್ಟೆಯಲ್ಲಿ ಸುಮಾರು 5,400.

ಇದಕ್ಕೂ ಅಸಮಾನತೆಗೂ ಏನು ಸಂಬಂಧ? ಲೆಕ್ಕ ಹಾಕೋಣ. ನಾಲ್ಕು ಎಕರೆ, ಎಕರೆಗೆ 20 ಕ್ವಿಂಟಲ್, ಒಟ್ಟು 80. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕಳೆ, ಕಟಾವು, ಎಲ್ಲ ಸೇರಿ ಖರ್ಚು ಒಂದು ಲಕ್ಷ ಅಂತ ಹಿಡೀರಿ. ನಿಮ್ಮ ಹೊಲದ್ದು ಹೆಚ್ಚು-ಕಡಿಮೆ ಇರಬಹುದು. 2,400ಕ್ಕೆ ಮಾರಿದರೆ 1 ಲಕ್ಷ 92 ಸಾವಿರ ಬರ್ತದೆ, ಕೈಯಲ್ಲಿ ಉಳಿಯೋದು 92 ಸಾವಿರ. 1,700ಕ್ಕೆ ಮಾರಿದರೆ 1 ಲಕ್ಷ 36 ಸಾವಿರ, ಉಳಿಯೋದು 36 ಸಾವಿರ.

ಇಲ್ಲಿ ಸ್ವಲ್ಪ ನಿಲ್ರಿ. ರೇಟು ಇಳಿದದ್ದು ನೂರಕ್ಕೆ 29. ಆದರೆ ಮನೆಯ ಆದಾಯ ಇಳಿದದ್ದು ನೂರಕ್ಕೆ 61. ಯಾಕಂದ್ರೆ ಗೊಬ್ಬರದ ಅಂಗಡಿಯವರು ರೇಟು ಬಿತ್ತು ಅಂತ ಉದ್ರಿ ಬಿಡೋದಿಲ್ಲ. ಕಳೆದುಹೋದ ಆ 56 ಸಾವಿರ ಅಂದ್ರೆ ಎರಡು ವರ್ಷಕ್ಕಿಂತ ಹೆಚ್ಚಿನ ಗೃಹಲಕ್ಷ್ಮಿ ಹಣ.

ತಿಂಗಳ ಸಂಬಳ ಬರುವ ಮನೆಗೆ ಈ ಜಿಗಿದಾಟ ಗೊತ್ತಿಲ್ಲ. ಇಬ್ಬರದ್ದೂ ವರ್ಷದ ಆದಾಯ ಸರಾಸರಿಯಲ್ಲಿ ಒಂದೇ ಇದ್ದರೂ ಬಾಳ್ವೆ ಒಂದೇ ಅಲ್ಲ. ಒಬ್ಬನಿಗೆ ಬ್ಯಾಂಕು ಕಡಿಮೆ ಬಡ್ಡಿಗೆ ಮನೆ ಸಾಲ ಕೊಡ್ತದೆ, ಇನ್ನೊಬ್ಬ ದಲಾಲಿ ಅಂಗಡಿಯಲ್ಲಿ ಮುಂಗಡ ತಗೊಂಡು, ಆಮೇಲೆ ಮಾಲನ್ನ ಅಲ್ಲೇ ಇಳಿಸಬೇಕು. ಖರ್ಚಿನ ಸಮೀಕ್ಷೆಯವರು ಇವನ ಮನೆಗೆ ಬಂದರೆ ಹೋದ ವರ್ಷದ ಹಾಗೇ ಊಟ, ಹೋದ ವರ್ಷದ ಹಾಗೇ ಕರೆಂಟು. ಕಡಿಮೆಯಾದದ್ದು ಏನು? ಮಗಳ ಮದುವೆ ಮುಂದಕ್ಕೆ ಹೋಗಿದೆ, ಕಿವಿಯ ಬಂಗಾರ ಬ್ಯಾಂಕಿನಲ್ಲಿದೆ. ಅದಕ್ಕೆ ಕಾಲಂ ಇಲ್ಲ.

ಇನ್ನೊಂದು ಮಾತು. 'ರೈತನ ಆದಾಯ' ಅಂದ ತಕ್ಷಣ ನಮಗೆ ಬೆಳೆ ನೆನಪಾಗ್ತದೆ. ಆದರೆ 2018-19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ರೈತ ಕುಟುಂಬಗಳ ತಿಂಗಳ ಆದಾಯ ಸರಾಸರಿ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ 3,798, ಕೂಲಿ-ಸಂಬಳದಿಂದ 4,063. ಅಂದ್ರೆ ದೇಶದ ಸರಾಸರಿ ರೈತನ ಮನೆಯನ್ನ ಹೊಲಕ್ಕಿಂತ ಹೆಚ್ಚಾಗಿ ಸಾಕ್ತಿರೋದು ಕೂಲಿ. ನಮ್ಮ ಕಡೆ ಇದನ್ನ ಅಂಕಿ-ಅಂಶ ನೋಡಿ ತಿಳಿಯಬೇಕಾಗಿಲ್ಲ. ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಎಷ್ಟು ಮನೆಗೆ ಬೀಗ ಬಿದ್ದಿರ್ತದೆ ನೋಡಿದರೆ ಸಾಕು. ಗೋವಾ, ಮಂಗಳೂರು, ಬೆಂಗಳೂರು ಅಂತ ಗುಳೆ ಹೋದವರು ಅವರು. ಅಜ್ಜಿ ಮತ್ತು ಶಾಲೆಯ ಮಕ್ಕಳು ಊರಲ್ಲಿ, ದುಡಿಯುವವರು ಅಲ್ಲಿ. ಇದು ಒಂದು ಮನೆಯೋ, ಎರಡು ಮನೆಯೋ? ಸಮೀಕ್ಷೆ ಮಾಡುವವರಿಗೆ ಇದೂ ಒಂದು ದೊಡ್ಡ ಪ್ರಶ್ನೆ.

ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ನೂರು ದಿನ ಪೂರ್ತಿ ಸಿಕ್ಕರೆ 37 ಸಾವಿರ. 'ಪೂರ್ತಿ ಸಿಕ್ಕರೆ' ಅನ್ನೋದನ್ನ ಅಡಿಗೆರೆ ಹಾಕಿ ಓದಿ.

ಮುಂಡರಗಿಯ ಗಡಿ

ಮನೆ-ಮನೆಯ ನಡುವಿನ ಅಂತರ ಒಂದು, ಊರು-ಊರಿನ ನಡುವಿನದ್ದು ಇನ್ನೊಂದು. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿ ಜಿಲ್ಲೆಯದ್ದಕ್ಕಿಂತ ಸುಮಾರು ಐದು ಪಟ್ಟು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಅಂತ ವರದಿ ಕೊಟ್ಟಿತ್ತು. ಆಮೇಲೆ 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ಬಂತು, ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ನೌಕರಿಯಲ್ಲಿ, ಕಾಲೇಜು ಸೀಟುಗಳಲ್ಲಿ ಮೀಸಲು ಸಿಕ್ಕಿತು. ಕೊಪ್ಪಳ ಅದರಲ್ಲಿದೆ. ಗದಗ ಇಲ್ಲ.

ಮುಂಡರಗಿ ತಾಲೂಕು ಕೊಪ್ಪಳ ಜಿಲ್ಲೆಗೆ ಅಂಟಿಕೊಂಡೇ ಇದೆ. ಅದೇ ಮಳೆ, ಅದೇ ಮಣ್ಣು, ಬೀಗರು ಆ ಕಡೆ, ಈ ಕಡೆ. ಗಡಿಯಾಚೆಯ ಹುಡುಗಿಗೆ ಮೆಡಿಕಲ್ ಸೀಟಿಗೆ ಒಂದು ದಾರಿ ಜಾಸ್ತಿ, ಈಚೆಯ ಹುಡುಗಿಗೆ ಇಲ್ಲ. ಇದು ತಪ್ಪು ಅಂತ ನಾನು ಹೇಳ್ತಿಲ್ಲ. ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ಪ್ರದೇಶದ ಹಳೆಯ ಹಿಂದುಳಿಕೆಗೆ ಅದು ಪರಿಹಾರ, ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಿತ್ತು. ಆದರೆ ಗೆರೆ ಎಳೆದಿದ್ದು ಇತಿಹಾಸ ನೋಡಿ, ಮನೆಯ ಆದಾಯ ನೋಡಿ ಅಲ್ಲ.

ಮುಂಡರಗಿ ತಾಲೂಕಿನ ಒಳಗೇ ನೋಡಿದರೂ ಹಾಗೇ. ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜ್ ಕಟ್ಟಿದ ಸಿಂಗಟಾಲೂರು ಏತ ನೀರಾವರಿ ಇದೆ. ನೀರು ಮುಟ್ಟಿದ ಹೊಲದವನಿಗೆ ಎರಡು ಬೆಳೆ, ಮುಟ್ಟದವನಿಗೆ ಮೋಡ ನೋಡುವ ಕೆಲಸ. ಕಪ್ಪತ್ತಗುಡ್ಡದ ಸುತ್ತಮುತ್ತ ಗಾಳಿಯಂತ್ರಗಳು ಬಂದ ಮೇಲೆ ಜಮೀನು ಇದ್ದವರಿಗೆ ಲೀಸ್ ಅಥವಾ ಮಾರಾಟದ ದುಡ್ಡು ಬಂತು. ಆ ಜಮೀನಿನಲ್ಲಿ ಕಳೆ ತೆಗೆಯುತ್ತಿದ್ದವರಿಗೆ ಏನು ಬಂತು ಅಂತ ಕೇಳಬೇಕು.

2 ಸಾವಿರ ಬಂದರೆ ಏನಾಗ್ತದೆ?

ಗೃಹಲಕ್ಷ್ಮಿ ವಿಷಯ ಬಂತಲ್ಲ, ಅದನ್ನೂ ನಮ್ಮ ಓಣಿಗೆ ಹಾಕಿ ನೋಡೋಣ. 2023ರ ಆಗಸ್ಟ್ 30ಕ್ಕೆ ಚಾಲನೆ ಕೊಟ್ಟ ಯೋಜನೆ, ಮನೆಯ ಯಜಮಾನಿಗೆ ತಿಂಗಳಿಗೆ 2 ಸಾವಿರ. ತೆರಿಗೆ ಕಟ್ಟುವ ಮನೆಗೆ ಇಲ್ಲ. ಮೊದಲ ನಾಲ್ಕು ಮನೆಗೆ ಬರ್ತದೆ, ಐದನೆಯದಕ್ಕೆ ಇಲ್ಲ ಅಂತ ಹಿಡೀರಿ. ಆದಾಯದ ಜಿನಿ 0.47ರಿಂದ 0.44ಕ್ಕೆ ಇಳೀತದೆ.

'ಅಷ್ಟೇನಾ?' ಅಂತೀರಿ. ಹೌದು, ಜಿನಿ ಕಣ್ಣಿಗೆ ಅಷ್ಟೇ, ಯಾಕಂದ್ರೆ ಐದನೇ ಮನೆ ಇದ್ದಲ್ಲೇ ಇದೆ. ಆದರೆ ನೇಕಾರರ ಮನೆಗೆ ಆದಾಯ ನೂರಕ್ಕೆ 25 ಏರಿತು, ತಿಂಗಳ ಸಾಲ ನಿಂತಿತು. ಒಂದು ನಂಬರ್ ಇಡೀ ಓಣಿಯ ಕಥೆ ಹೇಳೋದಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಶಕ್ತಿ ಯೋಜನೆಯ ಬಸ್ಸಿನದ್ದು ಇನ್ನೂ ತಮಾಷೆ. ಲಕ್ಷ್ಮೇಶ್ವರದಿಂದ ಗದಗಿಗೆ ದಿನಾ ಕೆಲಸಕ್ಕೆ ಬರುವ ಹೆಣ್ಣುಮಗಳಿಗೆ ಟಿಕೆಟ್ ದುಡ್ಡು ಉಳೀತು. ಅವಳು ಆ ದುಡ್ಡನ್ನ ಕೂಡಿಟ್ಟರೆ, ಖರ್ಚಿನ ಪಟ್ಟಿಯಲ್ಲಿ ಅವಳು ಮೊದಲಿಗಿಂತ 'ಬಡವಿ'ಯಾಗಿ ಕಾಣ್ತಾಳೆ!

ಮತ್ತೆ ಆ ನೇಕಾರರ ಮನೆಯ 8 ಸಾವಿರ ಯಾರ ದುಡಿಮೆ? ಮಗ್ಗದ ಮುಂದೆ ಕೂತವನದ್ದು ಅಂತ ಬರೀತೀವಿ. ಕಂಡಿಕೆ ಸುತ್ತಿದ್ದು ಹೆಂಡತಿ, ಕೆಲವೊಮ್ಮೆ ಅತ್ತೆ. ಅವರಿಗೆ ಬೇರೆ ಮಜೂರಿ ಇಲ್ಲ. 'ಮನೆಯ ಆದಾಯ' ಅನ್ನುವ ಮಾತು ಮನೆಯ ಒಳಗಿನ ಅಸಮಾನತೆಯನ್ನ ಚಾಪೆ ಕೆಳಗೆ ತಳ್ಳಿಬಿಡ್ತದೆ. ಅದಕ್ಕೇ ಯಜಮಾನಿಯ ಹೆಸರಿನ ಖಾತೆಗೆ ಹಣ ಬರೋದು ಸಣ್ಣ ವಿಷಯ ಅಲ್ಲ.

ಸಾಲದ ಬಗ್ಗೆ ಒಂದು ಮಾತು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯ್ತು. ಸಹಕಾರ ಕಾನೂನು ಬಂದು ಆಗ ಒಂದೇ ವರ್ಷ. ಸಾಹುಕಾರನ ಬಡ್ಡಿಯಿಂದ ರೈತನನ್ನ ಬಿಡಿಸಬೇಕು ಅನ್ನೋದೇ ಉದ್ದೇಶ. ನೂರಿಪ್ಪತ್ತು ವರ್ಷ ಆದ ಮೇಲೆ, 2025ರ ಫೆಬ್ರವರಿಯಲ್ಲಿ, ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳ ತಡೆಯೋಕೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯ್ತು. ಆದಾಯ ಜಿಗಿದಾಡುವ ಮನೆಗೆ ವಾರ-ವಾರ ಕಟ್ಟುವ ಕಂತು ಹೊಂದೋದಿಲ್ಲ. ಇದು ಕಣಗಿನಹಾಳದವರಿಗೆ ಅವತ್ತೇ ಗೊತ್ತಿತ್ತು.

ಹಾಗಾದ್ರೆ ಆದಾಯವನ್ನೇ ಯಾಕೆ ಅಳೆಯಲ್ಲ?

ಪ್ರಯತ್ನ ಆಗಿದೆ. 1950ರ ದಶಕದಲ್ಲಿ, 60ರ ದಶಕದಲ್ಲಿ, ಮತ್ತೆ 80ರ ದಶಕದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಗಳ ಆದಾಯ ಕೇಳಿ ನೋಡಿದರು. ಜನ ಹೇಳಿದ ಆದಾಯ ಅವರ ಖರ್ಚು-ಉಳಿತಾಯಕ್ಕಿಂತ ಕಡಿಮೆ ಬಂತು! ಕೈಬಿಟ್ಟರು.

ನಮಗೇನು ಇದು ಆಶ್ಚರ್ಯ ಅಲ್ಲ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಿದವರು ಎದೆ ಮುಟ್ಟಿಕೊಂಡು ಹೇಳಲಿ, ಅದರಲ್ಲಿ ಬರೆದದ್ದು ಖರೆ ಆದಾಯವೇ? ನನ್ನ ಸ್ಕಾಲರ್‌ಶಿಪ್ ಅರ್ಜಿಗೆ ಇದ್ದ ನಂಬರ್ ನೋಡಿದರೆ ನಮ್ಮ ಮನೆಯವರು ಬದುಕಿ ಉಳಿದದ್ದೇ ಪವಾಡ. ಬಿಪಿಎಲ್ ಕಾರ್ಡಿಗೆ ವರ್ಷದ ಮಿತಿ 1 ಲಕ್ಷ 20 ಸಾವಿರ, ಅಂದ್ರೆ ತಿಂಗಳಿಗೆ 10 ಸಾವಿರ. ನಮ್ಮ ಓಣಿಯ ಹಮಾಲ ಖರೆ ಹೇಳಿದರೆ ಅವನ ಕಾರ್ಡ್ ಹೋಗ್ತದೆ, ಕಾರ್ಡ್ ಹೋದರೆ ಅಕ್ಕಿ ಹೋಗ್ತದೆ. ಅವನು ಸುಳ್ಳು ಹೇಳ್ತಾನೆ ಅಂತ ಬೈಯೋದು ಸುಲಭ. ಖರೆ ಹೇಳಿದವನಿಗೇ ದಂಡ ಬೀಳುವ ಹಾಗೆ ಗೆರೆ ಎಳೆದವರು ಯಾರು ಅಂತಲೂ ಕೇಳಬೇಕಲ್ಲ?

ಸುಳ್ಳು ಇಲ್ಲದಿದ್ದರೂ ಲೆಕ್ಕ ಕಷ್ಟವೇ. ಮನೆಯಲ್ಲೇ ಬೆಳೆದು ತಿಂದ ಜೋಳಕ್ಕೆ ಎಷ್ಟು ರೂಪಾಯಿ ಹಿಡೀಬೇಕು? ಎಮ್ಮೆ ತಿಂದ ಕಣಿಕೆಗೆ? ಲಾವಣಿ ಹಾಕಿದ ಹೊಲದ ಆದಾಯ ಯಾರದ್ದು? 'ನಿಮ್ಮ ಆದಾಯ ಎಷ್ಟು?' ಅಂತ ರೈತನ್ನ ಕೇಳಿದರೆ ಅವನು 'ಯಾವ ವರ್ಷದ್ದು?' ಅಂತ ತಿರುಗಿ ಕೇಳ್ತಾನೆ. ಅದು ಉಡಾಫೆ ಅಲ್ಲ, ಅದೇ ಸರಿಯಾದ ಉತ್ತರ.

2025ರಲ್ಲಿ ಕೇಂದ್ರ ಅಂಕಿ-ಅಂಶ ಸಚಿವಾಲಯ ಮತ್ತೆ ಕೈಹಾಕಿತು. ದೇಶದ ಮೊದಲ ಪೂರ್ಣ ಪ್ರಮಾಣದ ಮನೆ ಆದಾಯ ಸಮೀಕ್ಷೆಯನ್ನ 2026ರ ಫೆಬ್ರವರಿಯಿಂದ ನಡೆಸೋದಾಗಿ ಪ್ರಕಟಿಸಿತು. ಅದಕ್ಕೆ ಮೊದಲು, 2025ರ ಆಗಸ್ಟ್‌ನಲ್ಲಿ, ಪ್ರಶ್ನಾವಳಿಯನ್ನ ಕೆಲವು ಕಡೆ ಪರೀಕ್ಷೆ ಮಾಡಿದರು. ಪ್ರಶ್ನೆಗಳು ಅರ್ಥ ಆಗ್ತವೆ, ಆದರೆ ಇದು ಸೂಕ್ಷ್ಮ ವಿಷಯ ಅಂತ ನೂರಕ್ಕೆ 95 ಜನ ಹೇಳಿದರು. ಆದಾಯ ತೆರಿಗೆ ಎಷ್ಟು ಕಟ್ಟಿದ್ರಿ ಅಂದಾಗ ಬಹಳ ಜನ ಬಾಯಿ ಬಿಡಲಿಲ್ಲ.

ಸಮೀಕ್ಷೆಯವರು ನಿಮ್ಮ ಮನೆಗೆ ಬಂದರೆ ಒಂದು ವಿಷಯ ಗೊತ್ತಿರಲಿ. ಇಂಥ ಸಮೀಕ್ಷೆಯಲ್ಲಿ ನೀವು ಹೇಳಿದ ಅಂಕಿ ನಿಮ್ಮ ಹೆಸರಿನ ಜೊತೆ ಪ್ರಕಟ ಆಗೋದಿಲ್ಲ, ರೇಷನ್ ಕಾರ್ಡಿನ ಪರಿಶೀಲನೆಗೂ ಅದಕ್ಕೂ ಸಂಬಂಧ ಇಲ್ಲ. ಇದನ್ನ ಅಪ್ಪ-ಅಮ್ಮನಿಗೆ ಹೇಳಿಡಿ. ನಂಬ್ತಾರೋ ಇಲ್ಲವೋ ಬೇರೆ ಮಾತು.

ಶಿರಹಟ್ಟಿಯ ತಮ್ಮಾ, ನಿನ್ನ ಪ್ರಶ್ನೆಗೆ ನನ್ನದೊಂದು ತಿರುಗು ಪ್ರಶ್ನೆ ಇದೆ. ಹೋದ ವರ್ಷ ಅಪ್ಪ ಅದೇ ಹೊಲದ ಗೋವಿನಜೋಳ ಎಷ್ಟಕ್ಕೆ ಮಾರಿದ್ದರು, ಗೊಬ್ಬರಕ್ಕೆ ಎಷ್ಟು ಹೋಗಿತ್ತು? ಮನೆಯಲ್ಲಿ ಕೂತು ಒಂದು ಹಾಳೆಯ ಮೇಲೆ ಬರೆದು, ಫೋಟೋ ಬೇಡ, ವಾಯ್ಸ್ ನೋಟ್ ಕಳಿಸು. ಉಳಿದವರೂ ಕಳಿಸಬಹುದು, ಹೆಸರು ಹೇಳಬೇಕಾಗಿಲ್ಲ. ಮುಂದಿನ ಸಂಚಿಕೆಯಲ್ಲಿ ಆ ಲೆಕ್ಕಗಳನ್ನ ಇಟ್ಟುಕೊಂಡೇ ಕೂರೋಣ.